ಗಾರ್ಮೆಂಟ್ಸ್ ಹುಡುಗಿಯರ ಜೊತೆ ಮನಸ್ಸಿನ ಗುಂಪು ನಡೆಸುವುದು ಹೇಗೆ? ಹನ್ನೆರಡು ಭಾನುವಾರಗಳ ಸಮಗ್ರ ಮಾರ್ಗದರ್ಶಿ

"ಮೊದಲ ವಾರ ಇಪ್ಪತ್ತು ಜನ ಬಂದಿದ್ರು. ಎರಡನೇ ವಾರ ಒಂಬತ್ತು. ಮೂರನೇ ವಾರ ಚಾಪೆ ಹಾಸ್ಕೊಂಡು ನಾನೊಬ್ಳೇ ಕೂತಿದ್ದೆ." ಗಾರ್ಮೆಂಟ್ಸ್ ಏರಿಯಾಗಳಲ್ಲಿ ಹುಡುಗಿಯರಿಗೆ ಮನಸ್ಸಿನ ಆರೋಗ್ಯದ ಗುಂಪು ಶುರು ಮಾಡಿದವರು ನನಗೆ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಬೆಂಗಳೂರಿನ ಲಗ್ಗೆರೆ ಇರಲಿ, ಹೆಗ್ಗನಹಳ್ಳಿ ಇರಲಿ, ಬೊಮ್ಮನಹಳ್ಳಿ ಇರಲಿ, ಎಲ್ಲ ಕಡೆ ಇದೇ ಪಾಡು. ಇವರಲ್ಲಿ ಕಾಳಜಿಗೆ ಕೊರತೆ ಇರುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವಲ್ಲಿ ಎಡವಿರುತ್ತಾರೆ. ಹೋದ ಕೂಡಲೇ ಮನಸ್ಸಿನ ಬಗ್ಗೆ ಭಾಷಣ ಶುರು ಮಾಡುತ್ತಾರೆ. ಆರು ದಿನ ಸೂಪರ್‌ವೈಸರ್ ಮಾತು ಕೇಳಿದ ಹುಡುಗಿ ಏಳನೇ ದಿನ ಇನ್ನೊಬ್ಬರ ಭಾಷಣಕ್ಕೆ ಯಾಕೆ ಬರಬೇಕು?

ಇನ್ನೊಂದು ಮಾತು. ಈ ಹುಡುಗಿಯರಿಗೆ ತಾಳಿಕೊಳ್ಳುವುದನ್ನು ನಾವು ಕಲಿಸಬೇಕಾಗಿಲ್ಲ. "ಸ್ವಲ್ಪ ಸಹಿಸ್ಕೋ" ಅನ್ನುವುದನ್ನು ಕೇಳಿಕೊಂಡೇ ಬೆಳೆದಿದ್ದಾರೆ. ಹದಿನೆಂಟು, ಹತ್ತೊಂಬತ್ತು ವರ್ಷಕ್ಕೇ ಮನೆಯ ಸಾಲ, ತಮ್ಮನ ಫೀಸು, ಅಪ್ಪನ ಔಷಧಿ ಎಲ್ಲ ಹೊತ್ತಿದ್ದಾರೆ. ನಾವು ಕಟ್ಟಬೇಕಾದದ್ದು ಮೂರೇ: ಕಷ್ಟವನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ, ಹೇಳಿದರೆ ನಂಬುವ ಮೂರ್ನಾಲ್ಕು ಜನ, ಕೈಮೀರಿದಾಗ ಎಲ್ಲಿಗೆ ಹೋಗಬೇಕು ಅನ್ನುವ ಗುರುತು. ಕೆಳಗಿನ ಎಲ್ಲ ಹಂತಗಳೂ ಈ ಮೂರಕ್ಕಾಗಿಯೇ ಇವೆ.

ಇದನ್ನು ನಡೆಸಲು ನೀವು ಡಾಕ್ಟರ್ ಆಗಿರಬೇಕಿಲ್ಲ. ಆದರೆ ನೀವು ಡಾಕ್ಟರ್ ಅಲ್ಲ ಅನ್ನುವುದು ಕೊನೆವರೆಗೂ ನೆನಪಿರಬೇಕು.

ಬೇಕಾಗುವ ಸಾಮಾನು

ಎರಡು ಚಾಪೆ. ಒಂದು ನೋಟ್‌ಬುಕ್. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕ ಚೀಟಿಗಳು. ಕಡಲೆಬೀಜ, ಬೆಲ್ಲ. ಆಟೋಗೆ ಅಂತ ಬೇರೆ ಎತ್ತಿಟ್ಟ 500 ರೂಪಾಯಿ. ಇಷ್ಟರ ಜೊತೆ ಇನ್ನೊಬ್ಬ ಹೆಂಗಸು ನಿಮ್ಮ ಜೊತೆ ಇರಲೇಬೇಕು. ಒಬ್ಬ ಹುಡುಗಿ ಅಳುತ್ತಾ ಎದ್ದು ಹೊರಗೆ ಹೋದರೆ ಅವಳ ಹಿಂದೆ ಒಬ್ಬರು ಹೋಗಬೇಕು, ಉಳಿದವರ ಜೊತೆ ಒಬ್ಬರು ಕೂರಬೇಕು. ಒಬ್ಬರೇ ನಡೆಸಿದರೆ ಈ ಎರಡರಲ್ಲಿ ಒಂದು ಕೈಬಿಟ್ಟು ಹೋಗುತ್ತದೆ.

ಪ್ರೊಜೆಕ್ಟರ್ ಬೇಡ. ಫೋಟೋ ಬೇಡವೇ ಬೇಡ. ಫ್ಯಾಕ್ಟರಿ ಹೆಸರು ಬರೆಸಿಕೊಳ್ಳುವ ಹಾಜರಿ ಪುಸ್ತಕ ತಂದರೆ ಮುಂದಿನ ವಾರ ಅರ್ಧ ಜನ ಬರುವುದಿಲ್ಲ.

ಹಂತ 1: ಗುಂಪಿಗೂ ಮುಂಚೆ ದಾರಿ ಗೊತ್ತು ಮಾಡಿಕೊಳ್ಳಿ

ಎಲ್ಲರೂ ಇದನ್ನು ಕೊನೆಗೆ ಮಾಡೋಣ ಅಂತ ಬಿಡುತ್ತಾರೆ. ನಾನೂ ಹಾಗೇ ಬಿಟ್ಟಿದ್ದೆ. ಎರಡನೇ ಭಾನುವಾರವೇ ಒಬ್ಬಳು ಎಲ್ಲರೂ ಎದ್ದು ಹೋದ ಮೇಲೆ ಚಾಪೆಯ ಅಂಚಿನ ದಾರ ಎಳೆಯುತ್ತಾ ಕೂತಳು. "ಅಕ್ಕ, ನಂಗೆ ಬದುಕಿರೋದೇ ಬೇಡ ಅನ್ಸುತ್ತೆ" ಅಂದಳು. ಸಂಜೆ ಐದೂವರೆ. ಯಾವ ಆಸ್ಪತ್ರೆ ತೆರೆದಿರುತ್ತದೆ, ಯಾರಿಗೆ ಫೋನ್ ಮಾಡಬೇಕು, ಒಂದೂ ನನಗೆ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಅವಳ ಕೈ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಹುಡುಕುತ್ತಿದ್ದೆ. ಅವಳು ಈಗ ಚೆನ್ನಾಗಿದ್ದಾಳೆ. ಆದರೆ ಆ ಅರ್ಧ ಗಂಟೆ ನಿಮಗೆ ಬರುವುದು ಬೇಡ.

ಈ ನಂಬರ್‌ಗಳು ನಿಮ್ಮ ಮೊಬೈಲ್‌ನಲ್ಲೂ ಇರಲಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲೂ ಇರಲಿ:

- 14416: ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸಹಾಯವಾಣಿ. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಸಿಗುತ್ತದೆ. ಭಾಷೆ ಆರಿಸಿಕೊಳ್ಳಬಹುದು, ಕನ್ನಡ ಇದೆ.
- 112: ಜೀವಕ್ಕೆ ಅಪಾಯ ಇದ್ದಾಗ.
- 181: ಮನೆಯಲ್ಲಿ ಹೊಡೆತ, ಹಿಂಸೆ ಇದ್ದಾಗ.
- 1098: ಹದಿನೆಂಟು ತುಂಬದವರಿಗೆ.
- 15100: ಉಚಿತ ಕಾನೂನು ನೆರವು. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ.
- 1930: ಸಾಲದ ಆ್ಯಪ್, ಫೋಟೋ ಬೆದರಿಕೆ, ಆನ್‌ಲೈನ್ ಮೋಸ.

14416ಕ್ಕೆ ನೀವೇ ಒಂದು ಸಲ ಫೋನ್ ಮಾಡಿ ನೋಡಿ. ಮೊದಲು ಯಾವ ಧ್ವನಿ ಬರುತ್ತದೆ, ಯಾವ ಬಟನ್ ಒತ್ತಬೇಕು ಅನ್ನುವುದು ಗೊತ್ತಿದ್ದರೆ, ಭಯದಲ್ಲಿರುವ ಹುಡುಗಿಗೆ ಪಕ್ಕದಲ್ಲಿ ಕೂತು ಹೇಳಿಕೊಡಬಹುದು.

ಆಮೇಲೆ ಆಸ್ಪತ್ರೆ. ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇರುವ ಗಾರ್ಮೆಂಟ್ಸ್ ಕೆಲಸಗಾರರು ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆ. ಪ್ರತಿ ತಿಂಗಳು ದುಡ್ಡು ಕಡಿತ ಆಗುತ್ತಿರುತ್ತದೆ, ಆದರೆ ಕಾರ್ಡ್ ಎಲ್ಲಿದೆ ಅಂತ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಹತ್ತಿರದ ಇಎಸ್‌ಐ ಡಿಸ್ಪೆನ್ಸರಿಗೆ ನೀವೇ ಹೋಗಿ, ಚೀಟಿ ಎಲ್ಲಿ ಮಾಡಿಸಬೇಕು, ಮನೋವೈದ್ಯರು ಬೇಕಾದರೆ ಎಲ್ಲಿಗೆ ಬರೆದುಕೊಡುತ್ತಾರೆ ಅಂತ ಕೇಳಿ ಬನ್ನಿ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗ ಇಡೀ ದಿನ ತೆರೆದಿರುತ್ತದೆ. ಮದ್ದೂರು, ದೊಡ್ಡಬಳ್ಳಾಪುರದ ಕಡೆ ಗುಂಪು ನಡೆಸುವವರು ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ, ಎಷ್ಟು ಗಂಟೆಗೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದರೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ. ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರಿಗೆ ಇದು ಸಿಗುವುದಿಲ್ಲ. ಅವರ ಬಸ್ ಚಾರ್ಜಿನ ಲೆಕ್ಕ ನಿಮ್ಮ ತಲೆಯಲ್ಲಿರಲಿ.

ಹಂತ 2: ಜಾಗ, ಹೊತ್ತು, ಜನ

ಭಾನುವಾರ ಬೆಳಿಗ್ಗೆ ಅಂತ ಇಟ್ಟರೆ ಕೆಟ್ಟಿತು. ಆ ಬೆಳಿಗ್ಗೆ ಅವರಿಗೆ ವಾರದ ಬಟ್ಟೆ ಒಗೆಯಬೇಕು, ತಲೆಗೆ ಸ್ನಾನ ಮಾಡಬೇಕು, ನೀರು ಹಿಡಿಯಬೇಕು, ಊರಿಗೆ ವಿಡಿಯೋ ಕಾಲ್ ಮಾಡಬೇಕು. ಮಧ್ಯಾಹ್ನ ಊಟ ಆಗಿ ಒಂದು ನಿದ್ದೆ ತೆಗೆದ ಮೇಲೆ, ನಾಲ್ಕರಿಂದ ಐದೂವರೆ ಸರಿಯಾದ ಹೊತ್ತು. ಕತ್ತಲಾಗುವ ಮೊದಲು ರೂಮ್ ಸೇರಬೇಕು ಅನ್ನುವುದನ್ನು ಮರೆಯಬೇಡಿ. ಸಂಬಳ 7ರಿಂದ 10ನೇ ತಾರೀಖಿನೊಳಗೆ ಬರುತ್ತದೆ, ಅದರ ನಂತರದ ಭಾನುವಾರ ಜನ ಕಡಿಮೆ. ಅವರು ಗುಂಪು ಬಿಟ್ಟರು ಅಂತ ಬೇಜಾರಾಗಬೇಡಿ, ರೇಷನ್‌ಗೆ ಹೋಗಿರುತ್ತಾರೆ.

ಜಾಗ ಅವರ ರೂಮುಗಳಿಂದ ಹತ್ತು ನಿಮಿಷದ ನಡಿಗೆಯಲ್ಲಿರಲಿ. ಅಂಗನವಾಡಿ, ಸಂಘದ ಕೋಣೆ, ಮನೆ ಮಾಲೀಕರು ಒಪ್ಪಿದರೆ ತಾರಸಿ, ಯಾವುದಾದರೂ ಆದೀತು. ಫ್ಯಾಕ್ಟರಿ ಒಳಗೆ ಬೇಡ. ಅಲ್ಲಿ ಗೋಡೆಗೂ ಕಿವಿ ಇದೆ ಅಂತ ಅವರು ನಂಬಿರುತ್ತಾರೆ, ಆ ನಂಬಿಕೆಗೆ ಕಾರಣವೂ ಇರುತ್ತದೆ.

ಎಂಟರಿಂದ ಹನ್ನೆರಡು ಜನ ಸಾಕು. ಒಂದೇ ಲೈನಿನ ಟೈಲರ್ ಮತ್ತು ಅವಳ ಸೂಪರ್‌ವೈಸರನ್ನು ಒಂದೇ ಗುಂಪಿನಲ್ಲಿ ಕೂರಿಸಬೇಡಿ. ಕರೆಯುವುದಕ್ಕೆ ಪೋಸ್ಟರ್ ಅಂಟಿಸಬೇಡಿ. ಯಾರ ಮಾತನ್ನು ಉಳಿದವರು ಕೇಳುತ್ತಾರೋ ಅಂಥ ಒಬ್ಬ ಹುಡುಗಿ ಪ್ರತಿ ವಠಾರದಲ್ಲೂ ಇರುತ್ತಾಳೆ. ಅವಳ ಜೊತೆ ಎರಡು ಸಲ ಟೀ ಕುಡಿಯಿರಿ, ಸಾಕು.

ಹಂತ 3: ಮೊದಲ ಭಾನುವಾರ

"ಮಾನಸಿಕ ಆರೋಗ್ಯ" ಅನ್ನುವ ಪದವನ್ನು ಮೊದಲ ದಿನ ಬಾಯಿಗೆ ತರಬೇಡಿ. ಅವರ ಕಿವಿಗೆ ಅದು "ಹುಚ್ಚು" ಅಂತ ಕೇಳಿಸುತ್ತದೆ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಆ ಹಣೆಪಟ್ಟಿಯ ಭಯ ಸಣ್ಣದಲ್ಲ. ನಮ್ಮದಕ್ಕೆ ಭಾನುವಾರದ ಗುಂಪು ಅಂತಲೇ ಹೆಸರು.

ಮೊದಲ ದಿನದ ಕೆಲಸ ಇಷ್ಟೇ: ಹೆಸರು, ಊರು, ತಿನ್ನುವುದಕ್ಕೆ ಏನಾದರೂ, ಮೂರು ನಿಯಮ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ಯಾರೂ ಬಲವಂತಕ್ಕೆ ಮಾತಾಡಬೇಕಿಲ್ಲ, ಸುಮ್ನೆ ಕೂತರೂ ಸರಿ. ಕೇಳದೆ ಬುದ್ಧಿ ಹೇಳಬಾರದು.

ಮೊದಲ ನಿಯಮಕ್ಕೆ ಎರಡು ಮಿತಿಗಳಿವೆ, ಅವನ್ನು ಅವತ್ತೇ ಹೇಳಿಬಿಡಿ. ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸಿದರೆ ನಾನು ಸುಮ್ಮನಿರುವುದಿಲ್ಲ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಹುಡುಗಿ ತನ್ನ ಕಥೆ ಹೇಳಿದ ಮೇಲೆ "ಇದನ್ನ ನಾನು ಹೇಳಲೇಬೇಕಲ್ಲಮ್ಮ" ಅಂದರೆ ಅವಳಿಗೆ ಅದು ಎರಡನೇ ಸಲದ ಮೋಸ. ಹೇಳುವುದೋ ಬೇಡವೋ ಅಂತ ಅವಳು ತೀರ್ಮಾನಿಸುವ ಮೊದಲೇ ಇದು ಅವಳಿಗೆ ಗೊತ್ತಿರಬೇಕು.

ಕಷ್ಟ ಹೇಳಿಕೊಳ್ಳಿ ಅಂತ ಮೊದಲ ದಿನ ಕೇಳಬೇಡಿ. ಯಾರಾದರೂ ತಾವಾಗಿಯೇ ಶುರು ಮಾಡಿದರೆ ಮೆಲ್ಲಗೆ ತಡೆದು, ಗುಂಪು ಮುಗಿದ ಮೇಲೆ ಪಕ್ಕಕ್ಕೆ ಕೂತು ಕೇಳಿ. ಮೊದಲ ದಿನವೇ ಎಲ್ಲ ತೆರೆದಿಟ್ಟವಳು ಎರಡನೇ ವಾರ ನಾಚಿಕೆಯಿಂದ ಬರುವುದಿಲ್ಲ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಹಂತ 4: ಮೈಯಿಂದ ಶುರು ಮಾಡಿ (ಎರಡು ಮತ್ತು ಮೂರನೇ ಭಾನುವಾರ)

ಈ ಹುಡುಗಿಯರು "ನಂಗೆ ಬೇಜಾರು" ಅಂತ ಬರುವುದಿಲ್ಲ. ತಲೆನೋವು, ಎದೆ ಭಾರ, ಕೈಕಾಲು ಸೋಲುವುದು, ಹೊಟ್ಟೆಯಲ್ಲಿ ಉರಿ, ಬಿಳಿ ಸೆರಗು ಅಂತ ಬರುತ್ತಾರೆ. ರಾಯಚೂರು ಕಡೆಯ ಒಬ್ಬಳು "ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ತದ ಅಕ್ಕಾ" ಅಂದಿದ್ದಳು. ಅದು ಮನಸ್ಸಿನ ಮಾತೂ ಹೌದು, ಮೈಯ ಮಾತೂ ಹೌದು. ಎರಡನ್ನೂ ನಂಬಿ. "ಅದೆಲ್ಲ ಬರೀ ಟೆನ್ಷನ್" ಅಂತ ತಳ್ಳಿಹಾಕಬೇಡಿ.

ಮೊದಲು ರಕ್ತ ಪರೀಕ್ಷೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಕಂಡುಬಂದಿತ್ತು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಸುಸ್ತು, ಎದೆ ಡವಡವ, ಏಕಾಗ್ರತೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಖಿನ್ನತೆಯೂ ಹೀಗೇ ಕಾಣುತ್ತದೆ. ಥೈರಾಯ್ಡ್ ತೊಂದರೆಯೂ ಹೀಗೇ. ಆದ್ದರಿಂದ ಎರಡನೇ ವಾರದೊಳಗೆ ಎಲ್ಲರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲೋ ಇಎಸ್‌ಐನಲ್ಲೋ ರಕ್ತ ತೋರಿಸಿಕೊಳ್ಳಲಿ. ಕಬ್ಬಿಣದ ಮಾತ್ರೆ ಕೊಟ್ಟರೆ ಟೀ ಜೊತೆ ನುಂಗಬಾರದು, ಒಂದು ಗಂಟೆಯಾದರೂ ಅಂತರ ಇರಲಿ. ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಬೇಡಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಮಾತ್ರೆ ಕಸದ ಬುಟ್ಟಿಗೆ ಹೋಗುತ್ತದೆ.

ಎರಡನೆಯದು ನಿದ್ದೆ. ಎಷ್ಟು ಗಂಟೆಗೆ ಮಲಗುತ್ತೀರಿ, ಎಷ್ಟಕ್ಕೆ ಏಳುತ್ತೀರಿ ಅಂತ ಎಲ್ಲರೂ ಹೇಳಲಿ. ನಾಲ್ಕು ಜನ ಇರುವ ರೂಮಿನಲ್ಲಿ ಒಬ್ಬಳ ಮೊಬೈಲ್ ಬೆಳಕಿಗೆ ಮೂವರ ನಿದ್ದೆ ಹೋಗುತ್ತಿರುತ್ತದೆ. ಹತ್ತೂವರೆಗೆ ಲೈಟ್ ಆಫ್, ಮೊಬೈಲ್ ಆಫ್ ಅಂತ ರೂಮಿನವರೇ ಒಪ್ಪಂದ ಮಾಡಿಕೊಂಡ ವಾರ ಅವರ ಮುಖ ನೋಡಿದರೇ ಗೊತ್ತಾಗುತ್ತದೆ. ಟಾಯ್ಲೆಟ್ಟಿಗೆ ಬಿಡುವುದಿಲ್ಲ ಅಂತ ನೀರೇ ಕುಡಿಯದವರು ಎಷ್ಟು ಜನ ಅಂತಲೂ ಕೇಳಿ. ತಲೆನೋವಿಗೆ, ಉರಿಮೂತ್ರಕ್ಕೆ ಅದೂ ಒಂದು ಕಾರಣ.

ಮೂರನೆಯದು ಉಸಿರು. ಸೂಪರ್‌ವೈಸರ್ ಕೂಗಾಡಿದಾಗ ಮಷೀನ್ ಮುಂದೆ ಕೂತೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ:

1. ಎರಡೂ ಪಾದ ನೆಲಕ್ಕೆ ಒತ್ತಿ.
2. ಮೂಗಿನಿಂದ ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ.
3. ಆರು ಎಣಿಸುತ್ತಾ ನಿಧಾನಕ್ಕೆ ಬಿಡಿ.
4. ಹೀಗೆ ಹತ್ತು ಸಲ.

ಬಿಡುವ ಉಸಿರು ಉದ್ದ ಇರಬೇಕು, ಗುಟ್ಟು ಅದರಲ್ಲಿದೆ. ಕಣ್ಣು ಮುಚ್ಚಿ ಅಂತ ಹೇಳಬೇಡಿ. ಹಿಂದೆ ಏನಾದರೂ ಕೆಟ್ಟದ್ದು ಅನುಭವಿಸಿದವರಿಗೆ ಕಣ್ಣು ಮುಚ್ಚಿದರೆ ಭಯ ಜಾಸ್ತಿ ಆಗಬಹುದು.

ಹಂತ 5: ಕೇಳಿಸಿಕೊಳ್ಳುವುದನ್ನು ಕಲಿಯಿರಿ (ನಾಲ್ಕು, ಐದನೇ ಭಾನುವಾರ)

ಅತಿ ಹೆಚ್ಚು ಗುಂಪುಗಳು ಕೆಡುವುದು ಇಲ್ಲೇ. ಒಬ್ಬಳು ಬಾಯಿ ತೆರೆದ ಕೂಡಲೇ ಸುತ್ತಲಿನವರೆಲ್ಲ ಪರಿಹಾರ ಕೊಡಲು ಶುರು ಮಾಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಹೇಳುವವಳ ಬಾಯಿ ಅಲ್ಲಿಗೆ ಕಟ್ಟಿಹೋಗುತ್ತದೆ.

ಇದೊಂದು ಉದಾಹರಣೆ. ಒಬ್ಬಳು ಹೀಗಂದಳು ಅಂದುಕೊಳ್ಳಿ: "ಅಕ್ಕ, ಅಮ್ಮ ಫೋನ್ ಮಾಡಿದ್ರೆ ಬರೀ ದುಡ್ಡಿನ ಮಾತೇ. ಊಟ ಆಯ್ತಾ ಅಂತಾನೂ ಕೇಳಲ್ಲ."

ನಮ್ಮ ಬಾಯಿಗೆ ತಾನಾಗಿ ಬರುವ ಉತ್ತರ: "ಪಾಪ, ಅಮ್ಮಂಗೂ ಕಷ್ಟ ಇರುತ್ತಲ್ವಾ? ಅವರನ್ನೂ ಅರ್ಥ ಮಾಡ್ಕೋಬೇಕು." ಮಾತು ಮುಗಿಯಿತು. ಅವಳು ತಲೆ ತಗ್ಗಿಸಿ "ಹೂಂ" ಅನ್ನುತ್ತಾಳೆ, ಮತ್ತೆ ಏನೂ ಹೇಳುವುದಿಲ್ಲ.

ಬದಲಿಗೆ ಹೀಗೆ ಕೇಳಬಹುದು: "ಊಟ ಆಯ್ತಾ ಅಂತ ಒಂದ್ ಮಾತು ಕೇಳಲಿ ಅನ್ಸುತ್ತೆ, ಅಲ್ವಾ?" ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಹತ್ತು ಎಣಿಕೆ ಬಹಳ ಉದ್ದ ಅನ್ನಿಸುತ್ತದೆ, ಆದರೂ ಬಾಯಿ ತೆಗೆಯಬೇಡಿ. ಏಳಕ್ಕೋ ಎಂಟಕ್ಕೋ ಅವಳೇ ಶುರು ಮಾಡುತ್ತಾಳೆ. ಅಲ್ಲಿಂದ ಮುಂದೆ ಬರುವುದೇ ನಿಜವಾದ ಮಾತು.

ಇಬ್ಬಿಬ್ಬರನ್ನು ಕೂರಿಸಿ ಅಭ್ಯಾಸ ಮಾಡಿಸಿ. ಒಬ್ಬಳು ಐದು ನಿಮಿಷ ಮಾತಾಡಬೇಕು, ಇನ್ನೊಬ್ಬಳು ಬರೀ ಕೇಳಬೇಕು. ಮುಗಿದ ಮೇಲೆ ಕೇಳಿದವಳು ಒಂದೇ ವಾಕ್ಯದಲ್ಲಿ "ನೀನು ಹೇಳಿದ್ದು ಹೀಗೆ" ಅಂತ ತಿರುಗಿ ಹೇಳಬೇಕು. ಮೊದಲ ಸಲ ನಗುತ್ತಾರೆ. ನಗಲಿ ಬಿಡಿ. ಎರಡನೇ ಸಲ ಗಂಭೀರ ಆಗುತ್ತದೆ. ಹತ್ತೊಂಬತ್ತರ ಹುಡುಗಿಯೊಬ್ಬಳು ಇದು ಮುಗಿದ ಮೇಲೆ "ನನ್ ಮಾತನ್ನ ಯಾರೂ ಮಧ್ಯ ತಡೀದೆ ಪೂರ್ತಿ ಕೇಳಿದ್ದು ಇದೇ ಮೊದಲು" ಅಂದಳು. ಅವತ್ತು ನಾನು ಬೇರೆ ಏನನ್ನೂ ಮಾಡಿಸಲಿಲ್ಲ.

ಬಿಡಬೇಕಾದ ಮಾತುಗಳು: "ನಿನಗಿಂತ ಕಷ್ಟದಲ್ಲಿರೋರು ಇದ್ದಾರೆ." "ಎಲ್ಲ ಸರಿಹೋಗುತ್ತೆ." "ಧೈರ್ಯ ತಗೋ." "ಅಳಬೇಡ." ಅಳುವವಳನ್ನು ಅಳಲು ಬಿಡಿ, ನೀರಿನ ಲೋಟ ಹತ್ತಿರ ಇಡಿ. ಮುಟ್ಟುವ ಮೊದಲು "ಕೈ ಹಿಡ್ಕೊಳ್ಲಾ?" ಅಂತ ಕೇಳಿ.

ಕೆಲವು ಕಡೆ ಮೈಮೇಲೆ ಬರುವುದೂ ಆಗುತ್ತದೆ. ಗೇಲಿ ಬೇಡ, ಹೆದರಿಕೆಯೂ ಬೇಡ, ಸುತ್ತ ಜನ ಸೇರಿಸುವುದು ಬೇಡ. ಪೆಟ್ಟಾಗದಂತೆ ನೋಡಿಕೊಂಡು, ಶಾಂತವಾಗಿ ಹೆಸರು ಹಿಡಿದು ಕರೆಯುತ್ತಿರಿ. ಬೇಡಲು, ಬೈಯಲು ಬೇರೆ ದಾರಿಯೇ ಇಲ್ಲದವಳ ಸಂಕಟ ಹಾಗೆ ಹೊರಗೆ ಬರಬಹುದು. ಹಲ್ಲು ಕಚ್ಚಿಕೊಂಡು ಮೈ ಸೆಟೆದು, ನಾಲಿಗೆ ಗಾಯ ಆಗಿ, ಅರಿವಿಲ್ಲದೆ ಮೂತ್ರ ಹೋದರೆ ಅದು ಫಿಟ್ಸ್ ಇರಬಹುದು, ಡಾಕ್ಟರಿಗೆ ತೋರಿಸಲೇಬೇಕು.

ಹಂತ 6: ಗಂಟು ಬಿಡಿಸುವುದು (ಆರರಿಂದ ಎಂಟನೇ ಭಾನುವಾರ)

ಕೇಳಿಸಿಕೊಳ್ಳುವುದು ಬಂದ ಮೇಲೆ ಮಾತ್ರ ಪರಿಹಾರದ ಮಾತು. ಪ್ರತಿಯೊಬ್ಬರೂ ತಮ್ಮ ತಲೆಬಿಸಿಗಳನ್ನು ಒಂದೊಂದು ಚೀಟಿಗೆ ಒಂದರಂತೆ ಬರೆಯಲಿ. ಬರೆಯಲು ಬಾರದಿದ್ದರೆ ಗುರುತು ಹಾಕಲಿ. ಆಮೇಲೆ ಮೂರು ಗುಡ್ಡೆ: ನಾನೇ ಏನಾದರೂ ಮಾಡಬಹುದಾದದ್ದು, ಯಾರಾದರೂ ಜೊತೆ ನಿಂತರೆ ಮಾಡಬಹುದಾದದ್ದು, ಸದ್ಯಕ್ಕೆ ಕೈಯಲ್ಲಿಲ್ಲದ್ದು. ಎರಡನೇ ಗುಡ್ಡೆಯೇ ದೊಡ್ಡದಾಗಿರುತ್ತದೆ. ಅದಕ್ಕೇ ಗುಂಪು ಇರುವುದು.

ಒಂದು ಚೀಟಿ ಎತ್ತಿಕೊಳ್ಳೋಣ: "ಲೋನ್ ಆ್ಯಪ್‌ನವನು ಫೋಟೋ ಹಾಳು ಮಾಡ್ತೀನಿ ಅಂತಾನೆ." ಮೊದಲು ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಭಯಕ್ಕೆ ಅಳಿಸಿಬಿಡುತ್ತಾರೆ, ಹಾಗೆ ಮಾಡಬಾರದು. 1930ಕ್ಕೆ ಫೋನ್ ಮಾಡಬೇಕು. ಇನ್ನೊಂದು ಆ್ಯಪ್‌ನಿಂದ ತೆಗೆದು ಇದಕ್ಕೆ ಕಟ್ಟಬಾರದು. ಸಾಲ ವಸೂಲಿಗೆ ಬೆದರಿಸಿ ಕಿರುಕುಳ ಕೊಡುವವರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಿರುಸಾಲದ ಕಾನೂನೇ ಬಂದಿದೆ. ಕಾನೂನಿನ ಹೆಸರಿಗಿಂತ ದೊಡ್ಡದು ಸ್ಟೇಷನ್‌ಗೆ ಅವಳ ಜೊತೆ ಇಬ್ಬರು ಹೋಗುವುದು.

ಇನ್ನೊಂದು ಚೀಟಿ: "ಅವನು ಕೆಟ್ಟದಾಗಿ ಮುಟ್ತಾನೆ." ಕೆಲಸದ ಜಾಗದಲ್ಲಿ ಇಂಥದ್ದು ನಡೆದರೆ ಉಸಿರಾಟ ಕಲಿಸಿ ಕಳಿಸುವುದು ಅನ್ಯಾಯ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಹೆಂಗಸೇ ಆಗಿರಬೇಕು. ಇದು 2013ರ ಕಾಯ್ದೆ. ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು. ತಾರೀಖು, ಹೊತ್ತು, ಯಾರು ನೋಡಿದರು ಅನ್ನುವುದನ್ನು ಅವತ್ತವತ್ತೇ ಒಂದು ಕಡೆ ಬರೆದಿಡಲಿ. ದೂರು ಕೊಡುವುದೋ ಬಿಡುವುದೋ ಅವಳ ತೀರ್ಮಾನ. ಕೆಲಸ ಹೋದರೆ ಬಾಡಿಗೆ ಕಟ್ಟುವವಳು ಅವಳೇ. ನಿಮ್ಮ ಹೋರಾಟದ ಹುಮ್ಮಸ್ಸಿಗೆ ಅವಳನ್ನು ಮುಂದೆ ತಳ್ಳಬೇಡಿ.

ಮೂರನೇ ಗುಡ್ಡೆಯ ಚೀಟಿಗಳನ್ನು ಎಸೆಯಬೇಡಿ. ಅಪ್ಪನ ಕುಡಿತ, ಸತ್ತ ತಂಗಿ, ಮುರಿದ ಪ್ರೀತಿ. ಇವುಗಳಿಗೆ ಪರಿಹಾರ ಇಲ್ಲ, ಜೊತೆ ಇದೆ. ಅವಳು ಒಪ್ಪಿದರೆ ಗುಂಪಿನಲ್ಲಿ ಹೇಳಿಕೊಳ್ಳಲಿ.

ಹಂತ 7: ವಾರಕ್ಕೊಂದು ಸಣ್ಣ ಕೆಲಸ

ಮನಸ್ಸು ಕುಗ್ಗಿದವಳು ಮೊದಲು ಬಿಡುವುದು ತನಗೆ ಇಷ್ಟವಾದದ್ದನ್ನು. ಹೂ ಮುಡಿಯುವುದಿಲ್ಲ, ರಂಗೋಲಿ ಹಾಕುವುದಿಲ್ಲ, ಗೆಳತಿಯ ಫೋನ್ ಎತ್ತುವುದಿಲ್ಲ. ಬಿಟ್ಟಷ್ಟೂ ಕುಗ್ಗುತ್ತಾಳೆ, ಕುಗ್ಗಿದಷ್ಟೂ ಬಿಡುತ್ತಾಳೆ. ಮನಸ್ಸು ಬಂದಾಗ ಮಾಡುತ್ತೇನೆ ಅಂತ ಕಾಯಬಾರದು, ಮಾಡಿದ ಮೇಲೆಯೇ ಮನಸ್ಸು ಬರುವುದು.

ಪ್ರತಿ ಭಾನುವಾರದ ಕೊನೆಗೆ ಒಬ್ಬೊಬ್ಬರೂ ಒಂದು ಕೆಲಸ ಹೇಳಬೇಕು, ಯಾವ ದಿನ, ಎಷ್ಟು ಗಂಟೆಗೆ ಅಂತ ಸಮೇತ. "ಖುಷಿಯಾಗಿರ್ತೀನಿ" ಅನ್ನುವುದು ನಡೆಯುವುದಿಲ್ಲ. "ಬುಧವಾರ ರಾತ್ರಿ ಊಟ ಆದ್ಮೇಲೆ ತಾರಸಿ ಮೇಲೆ ಹತ್ತು ನಿಮಿಷ ನಡೀತೀನಿ" ಅನ್ನುವುದು ನಡೆಯುತ್ತದೆ. ಮಾಡದೆ ಬಂದರೆ ಬೈಯಬೇಡಿ, ಕೆಲಸ ಇನ್ನೂ ಚಿಕ್ಕದು ಮಾಡಿ.

ಹಂತ 8: ಅಪಾಯದ ಗುರುತುಗಳು

ಈ ಭಾಗವನ್ನು ಗುಂಪು ಶುರು ಮಾಡುವ ಮೊದಲೇ ಓದಿ, ಜೊತೆಗಿರುವ ಹೆಂಗಸಿಗೂ ಓದಿಸಿ.

ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನವಿಡೀ ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಊಟ ಕೆಟ್ಟು ಕೆಲಸ ಮಾಡಲಾಗದಿದ್ದರೆ ಡಾಕ್ಟರ್ ಬೇಕು. ಯಾರಿಗೂ ಕೇಳದ ಧ್ವನಿ ಕೇಳುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನುವುದು, ನಿದ್ದೆಯೇ ಇಲ್ಲದೆ ವಿಪರೀತ ಚುರುಕಾಗಿ ಓಡಾಡುವುದು ಕಂಡರೆ ಆ ವಾರವೇ ಕರೆದೊಯ್ಯಿರಿ. ಹೆರಿಗೆಯಾಗಿ ಕೆಲವೇ ದಿನ ಅಥವಾ ವಾರ ಆದವಳಲ್ಲಿ ಇವು ಕಂಡರೆ ಅದೇ ದಿನ.

ಸಾವಿನ ಯೋಚನೆಯ ಸುಳಿವುಗಳು ಹೀಗಿರುತ್ತವೆ: "ನಾನಿಲ್ಲದಿದ್ರೆ ಎಲ್ಲರಿಗೂ ಒಳ್ಳೇದು" ಅನ್ನುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಹಳಬರಿಗೆಲ್ಲ ಫೋನ್ ಮಾಡಿ ತಪ್ಪಾಯ್ತು ಅನ್ನುವುದು. ವಾರಗಟ್ಟಲೆ ಅತ್ತವಳು ಒಂದು ದಿನ ಕಾರಣವಿಲ್ಲದೆ ತಣ್ಣಗಾಗಿಬಿಟ್ಟರೆ ನಿರಾಳ ಆಗಬೇಡಿ. ಹತ್ತಿರ ಹೋಗಿ ಕೇಳಿ.

ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ಸುತ್ತಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಕೇಳಿದಾಗ ಹೆಚ್ಚಿನವರಿಗೆ ಹೊರೆ ಇಳಿದಂತಾಗುತ್ತದೆ. ಹೌದು ಅಂದರೆ ಈ ಕ್ರಮದಲ್ಲಿ ನಡೆಯಿರಿ:

1. ಒಬ್ಬಳೇ ಬಿಡಬೇಡಿ. ಒಂದು ನಿಮಿಷಕ್ಕೂ.
2. ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ ಅಂತ ಕೇಳಿ. ಯೋಜನೆ ಇದ್ದರೆ ಅದು ತುರ್ತು, ಇವತ್ತೇ ಆಸ್ಪತ್ರೆ.
3. ರೂಮಿನಲ್ಲಿ ಅಪಾಯ ಮಾಡಿಕೊಳ್ಳಬಹುದಾದದ್ದು ಏನಿದ್ದರೂ ರೂಮಿನವರ ಮೂಲಕ ತೆಗೆಸಿ. ಮಾತ್ರೆಗಳನ್ನೂ ಬೇರೆಯವರ ಕೈಯಲ್ಲಿಡಿ.
4. ಅವಳ ಜೊತೆ ಕೂತು 14416ಕ್ಕೆ ಫೋನ್ ಮಾಡಿ, ಸ್ಪೀಕರ್‌ನಲ್ಲಿ ಹಾಕಿ.
5. ಅವಳು ನಂಬುವ ಒಬ್ಬರನ್ನು ಕರೆಸಿ. ಯಾರು ಅಂತ ಅವಳೇ ಹೇಳಲಿ. ಕೆಲವರಿಗೆ ಮನೆಯವರೇ ಅಪಾಯ.
6. ಆ ರಾತ್ರಿ ಜೊತೆಗೆ ಯಾರು ಮಲಗುತ್ತಾರೆ ಅಂತ ಹೆಸರು ಹೇಳಿ ಗೊತ್ತು ಮಾಡಿ. ಬೆಳಿಗ್ಗೆ ನೀವೇ ಫೋನ್ ಮಾಡಿ.

ಏನಾದರೂ ಕುಡಿದಿದ್ದರೆ, ನುಂಗಿದ್ದರೆ, ನೋಡಲು ಚೆನ್ನಾಗಿಯೇ ಇದ್ದರೂ ತಕ್ಷಣ ಆಸ್ಪತ್ರೆಗೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಖಾಲಿ ಬಾಟಲಿ, ಪ್ಯಾಕೆಟ್ ಜೊತೆಗೆ ತೆಗೆದುಕೊಂಡು ಹೋಗಿ. ಕೇಸ್ ಆಗುತ್ತದೆ ಅಂತ ಹೆದರಿ ಗಂಟೆಗಟ್ಟಲೆ ರೂಮಿನಲ್ಲೇ ಇಟ್ಟುಕೊಳ್ಳುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡುವಂತಿಲ್ಲ. ಇದನ್ನು ರೂಮಿನವರಿಗೆಲ್ಲ ಮೊದಲೇ ಹೇಳಿಡಿ.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅಂದರೆ ಆಣೆ ಮಾಡಬೇಡಿ. "ನಿನ್ನನ್ನ ಕಳ್ಕೊಳ್ಳೋಕೆ ನಂಗಿಷ್ಟ ಇಲ್ಲ" ಅಂತ ಹೇಳಿ.

ಹಂತ 9: ಡಾಕ್ಟರ್ ಹತ್ತಿರ ಜೊತೆಗೆ ಹೋಗುವುದು

ವಿಳಾಸ ಬರೆದುಕೊಟ್ಟರೆ ಹೋಗುವುದಿಲ್ಲ. ಮೊದಲ ಸಲ ಒಬ್ಬರು ಜೊತೆಗೆ ಹೋಗಲೇಬೇಕು. ಆಧಾರ್, ಇಎಸ್‌ಐ ನಂಬರ್, ಹಳೆ ಚೀಟಿಗಳು, ನೀರು, ತಿಂಡಿ ಇರಲಿ. ಅರ್ಧ ದಿನದ ಸಂಬಳ ಹೋಗಬಹುದು ಅಂತ ಮೊದಲೇ ಲೆಕ್ಕ ಹಾಕಿ. ಹೇಳಬೇಕಾದ್ದನ್ನು ಮೂರು ಸಾಲಿನಲ್ಲಿ ಬರೆದುಕೊಂಡು ಹೋಗಲಿ, ಒಳಗೆ ಹೋದ ಕೂಡಲೇ ಬಾಯಿ ಒಣಗುತ್ತದೆ.

ಖಿನ್ನತೆಗೆ ಮಾತ್ರೆ ಬರೆದುಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ವಾಕರಿಕೆ, ತಲೆಸುತ್ತು ಬರಬಹುದು. ಇದನ್ನು ಹೇಳದಿದ್ದರೆ ಐದನೇ ದಿನ ನಿಲ್ಲಿಸಿಬಿಡುತ್ತಾರೆ. ಇಪ್ಪತ್ತೈದರೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ, ಸಾವಿನ ಯೋಚನೆ ಜಾಸ್ತಿಯಾಗುತ್ತದಾ ಅಂತ ಕಣ್ಣಿಟ್ಟಿರಬೇಕು, ಹಾಗಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಹುಷಾರಾದ ಮೇಲೂ ಡಾಕ್ಟರ್ ಹೇಳುವವರೆಗೆ ನಿಲ್ಲಿಸಬಾರದು.

ದೇವಸ್ಥಾನ, ದರ್ಗಾಕ್ಕೆ ಹೋಗುತ್ತೇವೆ ಅಂದರೆ ಬೇಡ ಅನ್ನಬೇಡಿ. ಅದೂ ಇರಲಿ, ಇದೂ ಇರಲಿ. ಹೊಡೆಯುವ, ಕಟ್ಟಿಹಾಕುವ, ಉಪವಾಸ ಕೆಡವುವ ಕಡೆಗೆ ಮಾತ್ರ ಬಿಡಬೇಡಿ.

ಹಂತ 10: ಗುಂಪನ್ನು ಅವರ ಕೈಗೆ ಕೊಡುವುದು

ಒಂಬತ್ತನೇ ವಾರದಿಂದ ನೀವು ಹಿಂದೆ ಸರಿಯಿರಿ. ಶುರು ಮಾಡುವುದು ಒಬ್ಬಳು, ಸಮಯ ನೋಡುವುದು ಇನ್ನೊಬ್ಬಳು, ಬಾರದವರಿಗೆ ಫೋನ್ ಮಾಡುವುದು ಮತ್ತೊಬ್ಬಳು. ಯಾವಾಗಲೂ ಚೆನ್ನಾಗಿ ಮಾತಾಡುವವಳಿಗೇ ಎಲ್ಲ ಕೊಡಬೇಡಿ. ಗಲಾಟೆ ಆಗುತ್ತದೆ, ಜಗಳವೂ ಆಗುತ್ತದೆ. ತಕ್ಷಣ ಮಧ್ಯೆ ಹೋಗಬೇಡಿ. ಅಪಾಯದ ಗುರುತು ಕಂಡರೆ ಯಾರಿಗೆ ತಿಳಿಸಬೇಕು ಅನ್ನುವುದು ಮಾತ್ರ ಎಲ್ಲರಿಗೂ ಬಾಯಿಪಾಠ ಆಗಿರಬೇಕು.

ಈ ಹೊತ್ತಿಗೆ ನಿಮಗೂ ಸುಸ್ತಾಗಿರುತ್ತದೆ. ರಾತ್ರಿ ಅವರ ಮಾತುಗಳೇ ತಲೆಯಲ್ಲಿ ಸುತ್ತುವುದು, ಸಣ್ಣದಕ್ಕೆಲ್ಲ ಮನೆಯವರ ಮೇಲೆ ಸಿಡುಕುವುದು, ಭಾನುವಾರ ಬರುತ್ತಿದ್ದಂತೆ ಹೊಟ್ಟೆ ತೊಳಸುವುದು ಶುರುವಾದರೆ ಒಂದು ವಾರ ಬಿಡುವು ತೆಗೆದುಕೊಳ್ಳಿ. 14416 ನಿಮಗೂ ಇದೆ. ನಾನು ಫೋನ್ ಮಾಡಿದ್ದೇನೆ.

ಹನ್ನೆರಡನೇ ಭಾನುವಾರ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಅದರಲ್ಲಿ ಮೂರು ಸಾಲು: ನನಗೆ ಸಂಕಟ ಜಾಸ್ತಿಯಾದಾಗ ಕಾಣುವ ಗುರುತು, ಆಗ ನಾನು ಮಾಡುವ ಒಂದು ಕೆಲಸ, ನಾನು ಫೋನ್ ಮಾಡುವ ಇಬ್ಬರ ಹೆಸರು. ಆ ಇಬ್ಬರಲ್ಲಿ ನಿಮ್ಮ ಹೆಸರು ಇರಬಾರದು. ಚೀಟಿ ಮೊಬೈಲ್ ಕವರಿನ ಹಿಂದೆ ಸೇರಲಿ, ಅಲ್ಲಿಟ್ಟದ್ದು ಅವರ ಕೈಬಿಡುವುದಿಲ್ಲ.

ಹದಿಮೂರನೇ ಭಾನುವಾರ ನೀವು ಹೋಗಬೇಡಿ. ಹದಿನಾಲ್ಕನೇ ವಾರ ಹೋಗಿ, ಹೋದ ವಾರ ಚಾಪೆ ಯಾರು ಹಾಸಿದರು ಅಂತ ಕೇಳಿ.